ನನ್ನ ಸೈಟಿನ ಮೂಲೆಯ ನಾಲಾ

ಭಾಲ್ಕಿ, ಔರಾದ ಶಾಲೆಗಳಲ್ಲಿ ನಾನು ಜೀವಮಾನವಿಡೀ ಭೂಗೋಳ ಕಲಿಸಿದವಳು. ಏರು ಯಾವುದು, ಇಳಿಜಾರು ಯಾವುದು ಎಂದು ಬೋರ್ಡಿನ ಮೇಲೆ ತೋರಿಸುವಾಗ ಯಾರಾದರೂ ಆಕಳಿಸಿದರೆ ಚಾಕ್‌ಪೀಸು ಹಾರುತ್ತಿತ್ತು. ಇಂಥ ನನ್ನ ಬೀದರಿನ ಮನೆಯ ಅಡುಗೆಮನೆಗೇ ಮಳೆನೀರು ನುಗ್ಗಿತು. ಜೋಳದ ಹಿಟ್ಟಿನ ಡಬ್ಬಿ ತೇಲುತ್ತ ಹೋಗಿ ದೇವರ ಜಗಲಿಗೆ ಬಡಿಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ತಪ್ಪೆಲ್ಲ ನೆರೆಯವರದೇ ಎಂದು ನನಗೆ ಖಾತ್ರಿಯಿತ್ತು. ಕಾಲೊನಿಯ ಮೊದಲ ಮನೆ ನನ್ನದು. ಆಮೇಲೆ ಬಂದವರೆಲ್ಲ ಪಕ್ಕದವರಿಗಿಂತ ಒಂದು ಮೆಟ್ಟಿಲು ಎತ್ತರಕ್ಕೆ ಪಾಯ ಹಾಕಿದರು. ಕೊನೆಗೆ ರಸ್ತೆಯೂ ಎತ್ತರವಾಗಿ, ಹತ್ತಿ ಹೋಗುತ್ತಿದ್ದ ಮನೆಗೆ ನಾನೀಗ ಇಳಿದು ಹೋಗಬೇಕು. ನಾನೇನು ಬಿಡುವವಳೇ? ನೆಲವನ್ನು ಎರಡು ಅಡಿ ಏರಿಸಲು ನನ್ನ ಮನೆ ಕಟ್ಟಿದ ಮೇಸ್ತ್ರಿ ಚಾಚಾ ಅವರನ್ನೇ ಕರೆಸಿದೆ. ಅವರ ಮನೆ ಇಳಿಜಾರಿನ ಕೆಳಗಿನ ಗಲ್ಲಿಯಲ್ಲಿ. ಅವರ ಅಂಗಳದ ಬಾವಿ ಬತ್ತಿ ವರ್ಷಗಳಾಗಿದ್ದವು. ಬಂದಾಗಲೆಲ್ಲ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಬಂದು ನಮ್ಮ ನಳದ ನೀರು ಒಯ್ಯುತ್ತಿದ್ದರು.

ಚಹಾ ಕುಡಿದ ಚಾಚಾ, ನೆಲದ ಮಟ್ಟ ನೋಡುವ ನೀರಿನ ಪೈಪಿನ ಒಂದು ತುದಿ ನನ್ನ ಕೈಗೆ ಕೊಟ್ಟರು. ರಸ್ತೆ, ಅಂಗಳ ಎಲ್ಲ ಅಳೆದು, ಹಿತ್ತಲ ಮೂಲೆಯ ನನ್ನ ಮಲ್ಲಿಗೆ ಬಳ್ಳಿಯ ಹತ್ತಿರ ನಿಂತರು.

“ನೀವು ಎರಡು ಅಡಿ ಏರಿಸಿದ್ರ ಮುಂದಿನವ್ರು ಮೂರು ಅಡಿ ಏರಿಸ್ತಾರ. ನೀರು ಎಲ್ಲಿ ಹೋಗ್ಬೇಕ್ರಿ ಮೇಡಂ? ಇಲ್ಲಿ ನಾಲಾ ಇತ್ತು, ನೆನಪದ ಏನ್ರಿ?”

ನೆನಪಿತ್ತು. ಮಳೆಗಾಲದಲ್ಲಷ್ಟೇ ಹರಿಯುವ, ಮೊಣಕಾಲು ಆಳದ ತಗ್ಗು. ಲೇಔಟ್ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಯಾರೋ ಕುರ್ಚಿಯಲ್ಲಿ ಕೂತು ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಮೂಲೆ ಮುರಿದ ಸೈಟು ಒಳ್ಳೆಯದಲ್ಲವೆಂದು ನಾನೇ ಪಾಯದ ಕೆಂಪು ಕಲ್ಲುಮಣ್ಣು ಅಲ್ಲಿ ಸುರಿಸಿ ಗೋಡೆ ಕಟ್ಟಿಸಿದ್ದೆ. “ಬ್ಯಾಡ್ರಿ ಮೇಡಂ, ಅದು ನೀರಿನ ಹಾದಿ” ಎಂದಿದ್ದರು ಚಾಚಾ. “ನನಗ ಭೂಗೋಳ ಕಲಿಸ್ತೀರೇನು ಚಾಚಾ?” ಎಂದು ನಾನು ಅವರ ಬಾಯಿ ಮುಚ್ಚಿಸಿದ್ದೆ. ದೀಪದ ಬುಡದಲ್ಲೇ ಕತ್ತಲೆ.

ನಾಚಿಕೆಯಾಯಿತು, ಆದರೆ ತಕ್ಷಣ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಎರಡು ದಿನ ಗೊಣಗಿ, ಮೂರನೆಯ ದಿನ ಮೂಲೆ ಬಿಟ್ಟುಕೊಟ್ಟೆ. ಗೋಡೆ ಒಡೆದು ತಗ್ಗು ತೋಡಿದರು. ಮಲ್ಲಿಗೆ ಕುಂಡಕ್ಕೆ ಹೋಯಿತು. ನಕ್ಷೆ ತೆಗೆದು, ನನ್ನ ಸೈಟಿನ ಮೇಲೆಯೇ ನೀಲಿ ಪೆನ್ಸಿಲ್ಲಿನಿಂದ ನಾಲಾ ಬರೆದು ನಗರಸಭೆ ಕಚೇರಿಗೆ ಕೊಟ್ಟುಬಂದೆ. ಕೆಳಗಿನ ಖಾಲಿ ಸೈಟುಗಳಲ್ಲಿ ಯಾರಾದರೂ ಪಾಯ ತೆಗೆಯುವ ಮೊದಲೇ ಅದು ದಾಖಲಾಗಲಿ ಎಂದು.

ಮುಂದಿನ ದೊಡ್ಡ ಮಳೆಗೆ ಪೊರಕೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕಾದೆ. ನೀರು ಒಳಗೆ ಬರಲೇ ಇಲ್ಲ, ಮೂಲೆಯಲ್ಲಿ ಕೆಂಪಗೆ ಹರಿದುಹೋಯಿತು. ಖುಷಿ ತಡೆಯಲಾಗದೆ ಪೊರಕೆ ಎಸೆದು ಮಿರ್ಚಿ ಭಜಿ ಕರಿದೆ.

ನಾಲ್ಕೈದು ಮಳೆಯಾದ ಮೇಲೆ ಚಾಚಾ ಮನೆಗೆ ಚಹಾಕ್ಕೆ ಕರೆದರು. ಅಂಗಳದ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿತ್ತು. ಆ ಎರಡು ಕ್ಯಾನು ಗೋಡೆಯ ಬದಿಗೆ ಬೋರಲು ಬಿದ್ದಿದ್ದವು.

“ನಿಮ್ಮ ನಾಲಾದ ನೀರ್ರಿ ಇದು” ಎಂದರು ನಗುತ್ತ.

ನಾನು ಕಪ್ಪು ಕೆಳಗಿಟ್ಟೆ. ಆ ಗೋಡೆ ಕಟ್ಟಿದ್ದೂ ಇವರೇ. “ನಿಮ್ಮ ಬಾವಿ ಸುದ್ದಿ ಆವಾಗೇ ಯಾಕ ಹೇಳ್ಲಿಲ್ಲ ಚಾಚಾ?”

“ಹೇಳ್ಲಿಕ್ಕೇ ಬಂದಿದ್ದೆರಿ. ನೀವು ಭೂಗೋಳ ಅಂದ್ರಿ. ನಾ ಸಾಲಿ ಕಲ್ತವ ಅಲ್ಲ, ಸುಮ್ಮನಾದೆ.”