ದೊಡ್ಡಮ್ಮನ ಹೊಟ್ಟೆನೋವು

ಅಕ್ಕನ ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಮುಗಿಯುತ್ತಾ ಬಂದಿತ್ತು. ಮುಂದೇನು ಎಂದು ಕೇಳಲು ಅಮ್ಮ, ಅಕ್ಕ, ನಾನು ಶಿಡ್ಲಘಟ್ಟದಿಂದ ಬೆಳಗಿನ ಬಸ್ಸಿಗೆ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆ ಮಾತ್ರ ಅಜ್ಜಿಯದು. ಈ ಕಾಯಿಲೆ ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ ಗುಂಪುಗಳಿವೆ, ತೆಗೆದ ಗಡ್ಡೆಯ ಚೂರನ್ನೂ ರಕ್ತವನ್ನೂ ಜೀನ್ ಪರೀಕ್ಷೆಗೆ ಕಳಿಸಿ ಅಕ್ಕನದು ಯಾವ ಗುಂಪು ಎಂದು ನೋಡಬೇಕು ಎಂದರು. ಒಂದು ಗುಂಪಿನವರಿಗೆ ಕಾಯಿಲೆ ಮರಳದಂತೆ ತಡೆಯಲು ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದಂತೆ. ಉಳಿದವರ ವಿಷಯದಲ್ಲಿ ಅಷ್ಟು ಭರವಸೆ ಕೊಡಲಾಗದು.

"ಗೂಡು ಆರಿಸ್ದಂಗೆ ಅನ್ನಿ," ಎಂದಳು ಅಕ್ಕ. ರೇಷ್ಮೆಗೂಡು ಬಿಡಿಸಿ, ಕಲೆಯಾದದ್ದು, ತೆಳುವಾದದ್ದು ಬೇರೆ ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಡಾಕ್ಟರಮ್ಮ ನಕ್ಕು, "ಮನೆಯಲ್ಲಿ ಇನ್ಯಾರಿಗಾದರೂ ಇಂಥ ಕ್ಯಾನ್ಸರ್ ಇತ್ತಾ?" ಎಂದು ಕೇಳಿದರು.

"ಯಾರ್ಗೂ ಇಲ್ಲಮ್ಮ. ನಮ್ಮೋರೆಲ್ಲ ಗಟ್ಟಿ," ಎಂದಳು ಅಮ್ಮ, ಸೆರಗು ಸರಿಮಾಡಿಕೊಂಡು.

ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಪೆರೇಸಂದ್ರದಲ್ಲಿ ಇದೇ ಕಾಯಿಲೆಯಿಂದ ಹೊಟ್ಟೆ ಊದಿಕೊಂಡು ಹೋದವಳು. ನಮ್ಮವರು ಅದನ್ನು ಅವಳ ಮಗಳಿಗೂ ಹೊಟ್ಟೆನೋವು ಎಂದೇ ಹೇಳಿಕೊಂಡು ಬಂದಿದ್ದರು; ನಿಜ ನನ್ನ ಕಿವಿಗೆ ಬಿದ್ದದ್ದು ದೊಡ್ಡವರ ಪಿಸುಮಾತಿನಲ್ಲಿ. ಮದುವೆಗೆ ಹೆಣ್ಣುಮಕ್ಕಳಿರುವ ಮನೆಯಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ. ಡಾಕ್ಟರ ಎದುರಿಗೆ ಅಮ್ಮನ ಮಾತನ್ನು ಸುಳ್ಳೆನ್ನಲು ನನಗೂ ನಾಲಿಗೆ ಏಳಲಿಲ್ಲ, ಅದಕ್ಕೆ ನನ್ನ ಮೇಲೆ ನನಗೇ ಇನ್ನೂ ಸಿಟ್ಟಿದೆ. ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಬಿಡಲಿಲ್ಲ.

"ದೊಡ್ಡಮ್ಮಂಗೆ ಏನಾಗಿತ್ತು ಅಂತ ನಿಂಗೊತ್ತಿಲ್ವಾ?"

"ಸುಮ್ನಿರೇ. ಹೋದೋಳ ಸುದ್ದಿ ಈಗ್ಯಾಕೆ," ಎಂದು ಅಮ್ಮ ಮುಖ ತಿರುಗಿಸಿದಳು.

ರಿಪೋರ್ಟಿಗೆ ಕಾದ ಆ ವಾರಗಳಲ್ಲಿ, ಫೋನು ಬಂದರೆ ಸಾಕು, ಅಕ್ಕ ಅದನ್ನು ನನ್ನ ಕೈಗೆ ತುರುಕಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನಾನು ಧೈರ್ಯ ಹೇಳುತ್ತಿದ್ದೆನೇ ಹೊರತು ನನ್ನಲ್ಲಿ ಅದು ಇರಲಿಲ್ಲ.

ಕೊನೆಗೆ ಆಸ್ಪತ್ರೆಗೆ ಕರೆಸಿದರು. "ಮಾತ್ರೆ ಇವರಿಗೆ ಹೊಂದುತ್ತೆ," ಎಂದರು ಡಾಕ್ಟರಮ್ಮ. ನಾನು ನಾಚಿಕೆಯಿಲ್ಲದೆ ಅತ್ತೆ. ಅಕ್ಕ ಇವತ್ತಿಗೂ ಆ ಮಾತ್ರೆ ನುಂಗುತ್ತಾಳೆ. ನುಂಗಿ, ಹಿಪ್ಪುನೇರಳೆ ತೋಟಕ್ಕೆ ಹೋಗಿ ಆಳುಗಳನ್ನು ಗದರಿಸುತ್ತಾಳೆ.

ಡಾಕ್ಟರಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಜೀನಿನ ದೋಷ ರಕ್ತದಲ್ಲೂ ಇದೆ, ಅಂದರೆ ಮನೆತನದಲ್ಲಿ ಇಳಿದು ಬಂದದ್ದು, ಮಿಕ್ಕ ಹೆಣ್ಣುಮಕ್ಕಳು ಪರೀಕ್ಷೆ ಮಾಡಿಸಿಕೊಂಡರೆ ಮೊದಲೇ ಎಚ್ಚರ ವಹಿಸಬಹುದು ಎಂದರು.

"ನಮ್ಮಕ್ಕಂಗೂ ಇದೇ ಆಗಿತ್ತಮ್ಮ," ಎಂದಳು ಅಮ್ಮ, ಮೇಜನ್ನೇ ನೋಡುತ್ತಾ.

ವಾಪಸು ಬರುವಾಗ ಚಿಕ್ಕಬಳ್ಳಾಪುರದಲ್ಲಿ ನಮ್ಮನ್ನು ಇಳಿಸಿ, ಪೆರೇಸಂದ್ರದ ಬಸ್ಸು ಹತ್ತಿಸಿದ್ದು ಅಮ್ಮನೇ. ದೊಡ್ಡಮ್ಮನ ಒಬ್ಬಳೇ ಮಗಳನ್ನು ಕೊಟ್ಟಿರುವುದು ಆ ಊರಿಗೇ. ಅವಳು ತಂದಿಟ್ಟ ಕಾಫಿ ಮುಟ್ಟದೆ ಅಮ್ಮ ಎಲ್ಲವನ್ನೂ ಹೇಳಿದಳು. ಕ್ಯಾನ್ಸರ್ ಎಂದೇ ಹೇಳಿದಳು. ನಾಳೆಯೇ ಹೋಗಿ ಪರೀಕ್ಷೆಗೆ ರಕ್ತ ಕೊಡು ಎಂದಳು.

ದೊಡ್ಡಮ್ಮನ ಮಗಳು ಗೋಡೆಗೊರಗಿ ಕೂತಳು. "ಇಷ್ಟು ವರ್ಷ ಯಾಕೆ ಚಿಕ್ಕಮ್ಮ ಮುಚ್ಚಿಟ್ರಿ?"

ಅಮ್ಮ ಅವಳ ಕೈ ಹಿಡಿದುಕೊಂಡಳು.

"ಆಗ ನಿನ್ ಮದ್ವೆ ಆಗ್ಬೇಕಿತ್ತು ಕಣಮ್ಮ. ಈಗ ನೀನು ಬದುಕ್ಬೇಕು."