ತೊಗರಿಗೆ ಹೊದಿಸಿದ ಕೌದಿ

ನಮ್ಮ ಮನೆಯವರ ಹೆಸರು ರಾಮಲಿಂಗ. ಅವರು ಬದುಕಿದ್ದಾಗ ಆ ಹೆಸರನ್ನು ನಾನು ಬಾಯಿಬಿಟ್ಟು ಎಂದೂ ಹೇಳಲಿಲ್ಲ. ಈಗ ಬರೆಯುತ್ತೇನೆ.

ರಾವೂರಿನ ಕಲ್ಲಿನ ಗಣಿ ಕೆಲಸ ಬಿಟ್ಟು ನನ್ನ ತವರು ಐನಾಪುರಕ್ಕೆ ಬಂದರು. ಇಲ್ಲಿಯ ತೊಗರಿ ಲಾರಿ ಹತ್ತಿ ಹೋಗಿ, ಬೇಳೆಯಾಗಿ ಮತ್ತೆ ನಮ್ಮ ಅಂಗಡಿಗೇ ಯಾಕೆ ಬರಬೇಕು ಎಂದು ಕೇಳುತ್ತಿದ್ದರು. ಮೊದಲು ಮನೆಯ ಬೀಸುವ ಕಲ್ಲಿನಲ್ಲಿ ಒಡೆದರು. ಆಮೇಲೆ ಸಣ್ಣ ಮಷೀನು ಬಂತು. ಚಂದಾಪುರದ ಅಂಗಡಿಗೂ ನಮ್ಮ ಬೇಳೆ ಹೋಗತೊಡಗಿತು. ಮಷೀನು ನಾನೂ ನಡೆಸುತ್ತಿದ್ದೆ. ಸಿಪ್ಪೆ ಬಿಡಲೆಂದು ತೊಗರಿಗೆ ಎಣ್ಣೆ ಹಚ್ಚಿ ಒಣಗಿಸುವುದು ಮಾತ್ರ ಅವರದೇ ಕೆಲಸ.

ದೀಪಾವಳಿಗೆ ಮುಂಚೆ ಎದೆನೋವು ಬಂತು. ಹೋದರು.

ಹೊಸ ತೊಗರಿ ಬಂದಾಗ ನಾನೇ ಕೈ ಹಾಕಿದೆ. ಎಣ್ಣೆ ಹಚ್ಚಿ ಅಂಗಳಕ್ಕೆ ಹಾಸಿದ ಶಹಾಬಾದ್ ಪರಸಿ ಕಲ್ಲಿನ ಮೇಲೆ ಹರವಿದೆ. ಸಂಜೆ ಪೂರ್ತಿ ಆರಿದ ಮೇಲೆ ಚೀಲ ತುಂಬಿದೆ. ಬಿಸಿ ಕಾಳು ಕಟ್ಟಿಟ್ಟರೆ ಬೆವತು ಹುಳ ಬೀಳುತ್ತದೆ ಎಂದು ಅವ್ವ ಕಲಿಸಿದ್ದಳು.

ಚಂದಾಪುರದ ಅಂಗಡಿಯ ಗುಲಾಮ್ ರಸೂಲ್ ನಾನು ಆ ತೊಗರಿ ಒಡೆದು ಕೊಟ್ಟ ಬೇಳೆ ಅಂಗೈಗೆ ಹಾಕಿಕೊಂಡು ನೋಡಿದರು.

"ಭಾಬಿ, ಅರ್ಧಾ ಕಾಳು ಅಂಗಿನೇ ಬಿಚ್ಚಿಲ್ಲಲ್ರೀ."

ಮುಂದಿನ ಸಲವೂ ಹೀಗೇ ಆದರೆ ಬೇರೆ ಕಡೆಯಿಂದ ತರಿಸುತ್ತೇನೆ ಅಂದರು. ಆ ಅಂಗಡಿ ಹೋದರೆ ಮಷೀನು ಮುಚ್ಚಿದ ಹಾಗೆ.

ಎಣ್ಣೆ ಅದೇ, ಬಿಸಿಲೂ ಅದೇ. ಸಿಪ್ಪೆ ಯಾಕೆ ಬಿಡಲಿಲ್ಲ? ತಲೆಗೆ ಇದೇ ಹತ್ತಿತು. ಅಳುವುದೂ ಮರೆತುಹೋಯಿತು.

ನೆರೆಮನೆಯ ಭೀಮಬಾಯಿ ತೊಗರಿ ಒಡೆಸಲು ಬಂದಳು.

"ನಿನ್ನ ಗಂಡ ಸಂಜಿಮುಂದ ತೊಗರಿ ಗುಡ್ಡಿ ಹಾಕಿ ಕೌದಿ ಹೊಚ್ಚತಿದ್ದ ನೋಡು. ಕೂಸಿಗಿ ಹೊಚ್ಚಿದಂಗ. ಎಷ್ಟ್ ನಗ್ತಿದ್ವಿ ನಾವು."

ನಾನೂ ನಗುತ್ತಿದ್ದೆ. ಇಲಿ ಬಾಯಿ ಹಾಕದಿರಲಿ ಎಂದು ಹೊದಿಸುತ್ತಾರೆ ಅಂದುಕೊಂಡಿದ್ದೆ.

ಪರಸಿಯ ಮೇಲೆ ಅಂಗೈ ಇಟ್ಟೆ. ಹೊತ್ತು ಮುಳುಗಿದ್ದರೂ ಕಲ್ಲು ಬಿಸಿ ಇತ್ತು. ಈ ಬಿಸಿ ಕಾಳಿನೊಳಗೇ ಉಳಿದು ಸಿಪ್ಪೆ ಸಡಿಲಾಗಲಿ ಎಂದೇ ಹೊದಿಸುತ್ತಿದ್ದರೇ? ಅವ್ವನ ಮಾತು ಕೂಡಿಡುವ ಕಾಳಿಗೆ, ಒಡೆಯುವ ಕಾಳಿಗಲ್ಲ.

ಹಳೆ ಬಟ್ಟೆ ಹೊಲಿದ ಅವರ ಆ ಕೌದಿ ಟ್ರಂಕಿನಲ್ಲಿತ್ತು. ಅವರ ವಾಸನೆ ಹೋಗಬಾರದೆಂದು ತೊಳೆದಿರಲಿಲ್ಲ. ತೆಗೆದು ಮೂಗಿಗೆ ಹಿಡಿದೆ. ಎಣ್ಣೆ ಮತ್ತು ತೊಗರಿ. ಇಷ್ಟು ದಿನ ಅವರ ವಾಸನೆ ಎಂದು ಮೂಸಿದ್ದು ಇದನ್ನೇ.

ಉಳಿದ ತೊಗರಿಗೆ ಎಣ್ಣೆ ಹಚ್ಚಿ ಹರವಿ, ಬಿಸಿ ಇರುವಾಗಲೇ ಗುಡ್ಡೆ ಮಾಡಿ ಹೊದಿಸಿದೆ. ಹಗಲು ಹರವಿದೆ, ಸಂಜೆ ಹೊದಿಸಿದೆ. ನಾಲ್ಕಾರು ದಿನ ಹೀಗೇ ಮಾಡಿ ಮಷೀನಿಗೆ ಹಾಕಿದೆ. ಸಿಪ್ಪೆ ಹಾರಿ ಬಿತ್ತು. ಬೇಳೆ ಹಳದಿಯಾಗಿ ಇಳಿಯಿತು.

ಗುಲಾಮ್ ರಸೂಲ್ ನೋಡಿದರು. ಇನ್ನೆಷ್ಟು ಇದೆ ಎಂದು ಕೇಳಿದರು.

ಕೌದಿ ಮತ್ತೆ ಟ್ರಂಕಿಗೆ ಹಾಕಲಿಲ್ಲ. ಸಂಜೆಗೆ ಬೇಕು.