ಆ್ಯಕ್ಸಲರೇಟರ್ ಮೇಲಿನ ಕಾಲು

ನನಗೆ ಜೀಪು ಓಡಿಸಲು ಬರುವುದಿಲ್ಲ. ಆದರೆ ನಮ್ಮ ಹಳೆಯ ಜೀಪಿನ ಡ್ರೈವರ್ ಸೀಟಿನಲ್ಲಿ ವರ್ಷಗಟ್ಟಲೆ ಕೂತಿದ್ದೇನೆ. ಚಳಿಗಾಲದ ಬೆಳಿಗ್ಗೆ ನಮ್ಮ ಮನೆಯವರು ಬಾನೆಟ್ ಎತ್ತಿ ಕಾರ್ಬ್ಯುರೇಟರಿನ ಮೇಲೆ ಬಗ್ಗುತ್ತಿದ್ದರು. ನಾನು ಶಾಲು ಹೊದ್ದು ಸ್ಟಿಯರಿಂಗ್ ಹಿಂದೆ ಕೂತು ಅವರು ಹೇಳಿದಂತೆ ಆ್ಯಕ್ಸಲರೇಟರ್ ಒತ್ತುತ್ತಿದ್ದೆ. ಎತ್ತಿದ ಬಾನೆಟ್ಟಿನ ಆಚೆ ಅವರ ಮುಖ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಬರುತ್ತಿತ್ತು. “ಒತ್ತು. ಇನ್ನ ಒಂಚೂರು. ಹಾಂ, ಬಿಡು.” ಎರಡು ಸಲ ಒತ್ತಿ ಬಿಟ್ಟು, ಆಮೇಲೆ ತಳಕ್ಕೆ ಹತ್ತುವ ಹಾಗೆ ಒತ್ತಿ ಹಿಡಿದು ಕೀಲಿ ತಿರುಗಿಸಬೇಕು. ಇಲ್ಲದಿದ್ದರೆ ಅದು ಪೆಟ್ರೋಲು ಹೆಚ್ಚಾಗಿ ಉಸಿರು ಕಟ್ಟಿಕೊಂಡು ಕೂತುಬಿಡುತ್ತಿತ್ತು.

ಅವರು ಉತ್ತರದ ಈ ತೀರ್ಥಕ್ಷೇತ್ರದ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಷಯ ಕಲಿಸುತ್ತಿದ್ದರು. ಮಳೆಗಾಲ ಮುಗಿದು ನದಿಯ ನೀರು ಇಳಿದ ಮೇಲೆ ಆಚೆ ದಡದ ಮರಳಿಗೆ ಹೋಗಿ ಡಬ್ಬಿಗಳಲ್ಲಿ ಮಣ್ಣು ತುಂಬಿಕೊಂಡು ಬರುವುದು ಅವರ ಕೆಲಸ. ರಜೆಯಿದ್ದರೆ ನಾನೂ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಮರಳಿನಿಂದ ರಸ್ತೆಗೆ ಏರುವಲ್ಲಿ ಒಂದು ಕಡಿದಾದ ದಿಣ್ಣೆಯಿದೆ. ಜೀಪು ಮೂತಿ ಮೇಲೆತ್ತಿದೊಡನೆ ಕಾರ್ಬ್ಯುರೇಟರಿನೊಳಗಿನ ಪೆಟ್ರೋಲು ಹಿಂದಕ್ಕೆ ವಾಲಿ, ನಡು ಏರಿನಲ್ಲಿ ಎಂಜಿನ್ ನಿಂತುಬಿಡುತ್ತಿತ್ತು. ಹ್ಯಾಂಡ್ ಬ್ರೇಕ್ ಹೆಸರಿಗೆ ಮಾತ್ರ. ನಾನು ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ. ಆ ಕಲ್ಲು ಯಾವಾಗಲೂ ಪಕ್ಕದ ಸೀಟಿನ ಕೆಳಗೇ ಇರುತ್ತಿತ್ತು.

ಕಳೆದ ಮಳೆಗಾಲ ಮುಗಿಯುತ್ತಿದ್ದಾಗ ಅವರು ದೊಡ್ಡ ಪೆಟ್ಟಿಗೆಯೊಂದನ್ನು ತರಿಸಿದರು. ಕಾರ್ಬ್ಯುರೇಟರ್ ತೆಗೆದು ಆ ಜಾಗದಲ್ಲಿ ಕೂರಿಸುವ ಇಂಜೆಕ್ಷನ್ ಸಾಮಾನು. ಎಷ್ಟು ಪೆಟ್ರೋಲು ಬೇಕೋ ಅಷ್ಟನ್ನು ಕಂಪ್ಯೂಟರೇ ಅಳೆದು ಚಿಮ್ಮಿಸುತ್ತದೆ, ಏರಿರಲಿ ಇಳಿಜಾರಿರಲಿ ಎಂಜಿನ್ ನಿಲ್ಲುವುದಿಲ್ಲ ಎಂದು ವಿವರಿಸಿದರು. “ಇನ್ನ ನೀ ಥಂಡ್ಯಾಗ ಕೂಡೂದು ಬ್ಯಾಡ” ಎಂದರು.

“ಹಂಗಾರ ನನ್ನ ನೌಕರಿ ಹೋತು. ಪಿಂಚಣಿ ಕೊಡ್ತೀರೇನು?”

“ಪ್ರಮೋಷನ್ ಕೊಡ್ತೀನಿ. ಬಾಜೂ ಸೀಟು.”

ಜೀಪು ವಿಶ್ವವಿದ್ಯಾಲಯದ ಬಾಗಿಲ ಮುಂದಿನ ಲಂಕಾ ಪೇಟೆಯ ಆಚೆಗಿನ ಗ್ಯಾರೇಜಿಗೆ ಹೋಯಿತು. ಹಳೆಯ ಕಾರ್ಬ್ಯುರೇಟರ್ ಬಿಚ್ಚಿದರು. ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳಲು ಹೊಸ ಪೈಪು ಎಳೆದರು. ಸೈಲೆನ್ಸರ್ ಪೈಪಿಗೆ ತೂತು ಕೊರೆದು, ಸೆನ್ಸರ್ ಕೂರಿಸಲು ಬೆಸುಗೆ ಹಾಕಿದರು. ಅಷ್ಟಾಗಿತ್ತು. ಒಂದು ನಸುಕಿನಲ್ಲಿ ಅವರಿಗೆ ಎದೆ ನೋವು ಬಂತು, ಆಸ್ಪತ್ರೆ ಮುಟ್ಟಲಿಲ್ಲ. ಇಲ್ಲಿ ಸತ್ತರೆ ಮುಕ್ತಿ ಎಂದು ಜನ ಎಲ್ಲೆಲ್ಲಿಂದಲೋ ರೈಲು ಹತ್ತಿ ಈ ಊರಿಗೆ ಬರುತ್ತಾರೆ. ಸುಡುವ ಘಾಟಿಗೆ ನಾವು ನಮ್ಮ ಓಣಿಯ ಮೆಟ್ಟಿಲು ಇಳಿದರೆ ಸಾಕಾಗಿತ್ತು.

ಧಾರವಾಡದಿಂದ ನನ್ನ ಮೈದುನ ಬಂದ. ಕಾಗದಪತ್ರಗಳ ಕೆಲಸವನ್ನೆಲ್ಲ ಅವನೇ ಓಡಾಡಿ ಮುಗಿಸಿದ. ಉಳಿದದ್ದು ಜೀಪು. ಆಚೆ ದಡದ ಮರಳಿನಲ್ಲಿ ಸೌತೆ, ಕಲ್ಲಂಗಡಿ ಬೆಳೆಯುವ ರೈತನೊಬ್ಬ ಕೊಳ್ಳಲು ಮುಂದೆ ಬಂದಿದ್ದ. ಓಡಿಸಲು ಬಾರದ ನಾನು ಇಟ್ಟುಕೊಂಡು ಏನು ಮಾಡಲಿ? ಮಾರಲು ಒಪ್ಪಿದೆ. ಆದರೆ ರೈತನಿಗೆ ಕಂಪ್ಯೂಟರ್ ಬೇಡ. ಕಾರ್ಬ್ಯುರೇಟರಾದರೆ ತಮ್ಮೂರ ಮಿಸ್ತ್ರಿ ಕಣ್ಣು ಮುಚ್ಚಿ ಬಿಚ್ಚುತ್ತಾನೆ ಎಂದ. ಮೈದುನನೂ ಅದನ್ನೇ ಹೇಳಿದ. “ಹಳೇದ ಕೂಡಸಿ ಕೊಟ್ಟಬಿಡೂಣ್ರಿ ವೈನಿ. ಯಾಕ ತ್ರಾಸು?”

ನನಗೆ ಅದೊಂದು ಆಗುತ್ತಿರಲಿಲ್ಲ. ಅವರು ಅರ್ಧಕ್ಕೆ ಬಿಟ್ಟದ್ದು ಎಷ್ಟೋ ಇತ್ತು. ಓದುತ್ತಿದ್ದ ಪುಸ್ತಕ, ಹಲ್ಲಿನ ಡಾಕ್ಟರ ಬಳಿ ಹೋಗುವುದು, ನನ್ನೊಂದಿಗೆ ಆಡುತ್ತಿದ್ದ ಜಗಳ. ಅವನ್ನೆಲ್ಲ ಯಾರೂ ಮುಗಿಸಲಾರರು. ಇದೊಂದನ್ನು ಮುಗಿಸಬಹುದಿತ್ತು. ಒಂದು ದಿನ ಕೊಡಿ ಎಂದು ಕೇಳಿಕೊಂಡೆ. ಸಂಜೆಯೊಳಗೆ ಹೊಸದರಲ್ಲಿ ಎಂಜಿನ್ ಶುರುವಾದರೆ ಅದರೊಂದಿಗೇ ಮಾರುವುದು, ಆಗದಿದ್ದರೆ ಹಳೆಯದನ್ನು ಹಾಕಿಕೊಡುವುದು ಎಂದಾಯಿತು.

ಗ್ಯಾರೇಜಿನ ಮಿಸ್ತ್ರಿ ಇಂಥದ್ದನ್ನು ಹಿಂದೆ ಮಾಡಿದವನಲ್ಲ. ಸಾಮಾನು ಮಾರಿದವರಿಗೆ ಆಗಾಗ ಫೋನು ಮಾಡುತ್ತ ತಂತಿ, ಪಂಪು ಎಲ್ಲವನ್ನೂ ಜೋಡಿಸಿದ. ಚಳಿಗಾಲದ ಮಂಜು ಕರಗಿ ಮಧ್ಯಾಹ್ನ ಬಿಸಿಲು ಬರುವ ಹೊತ್ತಿಗೆ ಬಾನೆಟ್ಟಿನ ಮುಂದೆ ನಿಂತು, ಪೆಟ್ರೋಲು ಎಲ್ಲಾದರೂ ಸೋರುತ್ತದೆಯೋ ನೋಡಬೇಕು, ಯಾರಾದರೂ ಕೀಲಿ ತಿರುಗಿಸಿ ಎಂದ. ಮೈದುನ ಮುಂದೆ ಬರುವ ಮೊದಲೇ ನಾನು ಹೋಗಿ ಡ್ರೈವರ್ ಸೀಟಿನಲ್ಲಿ ಕೂತಿದ್ದೆ.

ಕೀಲಿ ಕೊಟ್ಟೊಡನೆ ಹಿಂದೆ ಟ್ಯಾಂಕಿನ ಕಡೆಯಿಂದ ಗುಂಯ್ ಎಂದು ಪಂಪಿನ ಸದ್ದು ಬಂದು ನಿಂತಿತು. ಪೂರ್ತಿ ತಿರುಗಿಸಿದೆ. ಎಂಜಿನ್ ತಿರುಗಿತು, ಹತ್ತಿಕೊಳ್ಳಲಿಲ್ಲ. ಮಿಸ್ತ್ರಿ ಒಂದು ತಂತಿ ಬಿಗಿ ಮಾಡಿದ. ಮತ್ತೆ ತಿರುಗಿಸಿದೆ. ಇಲ್ಲ. ಫಿಲ್ಟರ್ ಬಿಚ್ಚಿ ನೋಡಿದ, ಪೆಟ್ರೋಲು ಬರುತ್ತಿತ್ತು. ಬ್ಯಾಟರಿ ಸೋತು ಬೇರೆ ಬ್ಯಾಟರಿ ತಂದರು. ಟೈರಿನ ಮೇಲೆ ಕೂತು ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿಯುತ್ತಿದ್ದ ರೈತ, ಕಂಪ್ಯೂಟರ್ ಪಾನ್ ತಿನ್ನಲು ಹೋಗಿರಬೇಕು ಮಿಸ್ತ್ರಿ, ಕಾದು ನೋಡು ಎಂದ. ಮಿಸ್ತ್ರಿ ನಗಲಿಲ್ಲ. ಬಿಸಿಲು ಇಳಿಯತೊಡಗಿತ್ತು. ಹಳೆಯ ಕಾರ್ಬ್ಯುರೇಟರನ್ನು ಅವನ ಕೆಲಸಗಾರ ಆಗಲೇ ಸೀಮೆಎಣ್ಣೆಯಲ್ಲಿ ತೊಳೆದು ಚಿಂದಿಯ ಮೇಲೆ ಇಟ್ಟಿದ್ದ. ನಾನು ಅತ್ತ ನೋಡದೆ ಕೂತೆ.

ಇನ್ನೊಮ್ಮೆ ಕೀಲಿ ತಿರುಗಿಸುವಾಗ ಮೈದುನ ನನ್ನ ಪಕ್ಕದ ಬಾಗಿಲಿಗೆ ಒರಗಿ ನಿಂತಿದ್ದ. ಅವನ ರೈಲಿಗೆ ಹೊತ್ತಾಗುತ್ತಿತ್ತು. ಸುಮ್ಮನಿದ್ದಿದ್ದರೆ ಎಲ್ಲ ಅವನು ಹೇಳಿದಂತೆಯೇ ಮುಗಿಯುತ್ತಿತ್ತು. ಅವನು ಬಗ್ಗಿ ನನ್ನ ಪಾದವನ್ನೇ ನೋಡಿದ.

“ವೈನಿ, ನಿಮ್ಮ ಕಾಲು ಏನ ಮಾಡ್ಲಿಕ್ಕತ್ತದ?”

ನಾನೂ ನೋಡಿದೆ. ಕಾಲು ತನ್ನ ಕೆಲಸ ಮಾಡುತ್ತಿತ್ತು. ಎರಡು ಸಲ ಒತ್ತಿ ಬಿಟ್ಟು, ಈಗ ತಳಕ್ಕೆ ಹತ್ತಿಸಿ ಹಿಡಿದಿತ್ತು. ನಾನು ಒತ್ತುತ್ತಿದ್ದೇನೆ ಎಂಬುದೇ ನನಗೆ ತಿಳಿದಿರಲಿಲ್ಲ.

ಮೈದುನ ಅದನ್ನು ಹಿಂದಿಯಲ್ಲಿ ಹೇಳಿದಾಗ ಮಿಸ್ತ್ರಿ ಹಣೆ ಚಚ್ಚಿಕೊಂಡ. ಸಾಮಾನು ಮಾರಿದವರು ಫೋನಿನಲ್ಲಿ ಇದನ್ನು ಹೇಳಿದ್ದರಂತೆ. ಶುರು ಮಾಡುವಾಗ ಪೂರ್ತಿ ಒತ್ತಿ ಹಿಡಿದರೆ, ಎಂಜಿನ್ನಿನಲ್ಲಿ ಪೆಟ್ರೋಲು ಹೆಚ್ಚಾಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಅವನು ಬಾನೆಟ್ಟಿನ ಆಚೆಯಿಂದ ಮೆತ್ತಗೆ ಹೇಳಿದ. “ಪೈರ್ ಹಟಾ ಲೀಜಿಯೇ, ಭಾಭಿ.”

ಆ ಜಾಗದಿಂದ ನನಗೆ ಯಾವಾಗಲೂ ಒತ್ತು, ಬಿಡು ಎಂಬ ಮಾತು ಬರುತ್ತಿತ್ತು; ಕಾಲನ್ನೇ ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ಕಾಲು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಎರಡೂ ಪಾದಗಳನ್ನು ಸೀಟಿನ ಬುಡಕ್ಕೆ ಸೇರಿಸಿ ಕೂತು ಕೀಲಿ ತಿರುಗಿಸಿದೆ. ಎಂಜಿನ್ ಹತ್ತಿಕೊಂಡಿತು. ಕೆಮ್ಮಲಿಲ್ಲ, ಕುಲುಕಲಿಲ್ಲ. ತಾನೇ ಸದ್ದನ್ನು ಏರಿಸಿ ಇಳಿಸಿ ಒಂದು ಹದಕ್ಕೆ ತಂದುಕೊಂಡಿತು. ಆ ಹದಕ್ಕಾಗಿ ಅವರು ಸ್ಕ್ರೂಡ್ರೈವರ್ ಹಿಡಿದು ಎಷ್ಟು ಬೆಳಗುಗಳನ್ನು ಕಳೆದಿದ್ದರು. ನಾನು ಅತ್ತೆ. ಮೈದುನ ಬೇರೆ ಕಡೆ ತಿರುಗಿ ನಿಂತ. ರೈಲು ತಪ್ಪಿದರೆ ತಪ್ಪಲಿ, ನಾಳೆ ಹೋಗುತ್ತೇನೆ ಎಂದ.

ಅರ್ಧ ಮಾತ್ರ ಒಪ್ಪಿದ್ದ ರೈತ, ಪರೀಕ್ಷೆ ಮಾಡಿಯೇ ಒಯ್ಯುತ್ತೇನೆ ಎಂದ. ಸೇತುವೆ ದಾಟಿ ಮರಳಿಗೆ ಹೋದೆವು. ಅವನು ಓಡಿಸಿದ, ಮೈದುನ ಹಿಂದೆ ಕೂತ, ನನಗೆ ಪಕ್ಕದ ಸೀಟು ಸಿಕ್ಕಿತು. ದಿಣ್ಣೆ ಹತ್ತುವಾಗ ನಾನು ಸೀಟಿನ ಕೆಳಗಿನ ಕಲ್ಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಮೂತಿ ಮೇಲೆದ್ದಿತು, ಆಕಾಶವಷ್ಟೇ ಕಂಡಿತು, ಎಂಜಿನ್ ನಿಲ್ಲಲಿಲ್ಲ. ರಸ್ತೆಗೆ ಬಂದ ಮೇಲೆ ರೈತ ಜೀಪು ನಿಲ್ಲಿಸಿ, ಮತ್ತೆ ಶುರು ಮಾಡಲು ಕೀಲಿಗೆ ಕೈ ಹಾಕಿದ. ಅವನ ಕಾಲೂ ಆ್ಯಕ್ಸಲರೇಟರಿನ ಮೇಲಿತ್ತು. ತೆಗೆಯಿರಿ ಎಂದು ನಾನೇ ಹೇಳಿದೆ.

ಜೀಪನ್ನು ಅವನಿಗೆ ಒಪ್ಪಿಸಿ ಅಲ್ಲಿಂದ ನಾವು ಆಟೋ ಹಿಡಿಯಬೇಕಾಗಿತ್ತು. ಇಳಿಯುವಾಗ ರೈತ ಆ ಕಲ್ಲನ್ನು ನೋಡಿ, ಈಗ ಇದೇಕೆ, ಬಿಸಾಡಿ ಎಂದ. ಬೇಡ, ಇಟ್ಟುಕೊಳ್ಳಿ ಎಂದು ಮೊದಲಿದ್ದ ಜಾಗಕ್ಕೇ ತಳ್ಳಿದೆ. ಹ್ಯಾಂಡ್ ಬ್ರೇಕ್ ಇನ್ನೂ ಹಿಡಿಯುವುದಿಲ್ಲ.